ವಾಹನದ ಎಂಜಿನ್ ದೀಪ ಹೊತ್ತಿದಾಗ ರೈತರು ಮಾಡಬಹುದಾದ್ದೇನು?

ತರಕಾರಿ, ಹೂವು, ಹಾಲು, ರೇಷ್ಮೆಗೂಡು ಮುಂತಾದುವನ್ನು ಸ್ವಂತ ವಾಹನದಲ್ಲಿಯೇ ಮಾರುಕಟ್ಟೆಗೆ ಸಾಗಿಸುವ ರೈತರು ಈಗ ಬಹುತೇಕ ಎಲ್ಲ ಊರುಗಳಲ್ಲಿಯೂ ಇದ್ದಾರೆ. ವಾಹನವು ಕಾರಾಗಿರಲಿ, ಜೀಪಾಗಿರಲಿ, ಪಿಕಪ್ ಗಾಡಿಯಾಗಿರಲಿ, ಚಾಲಕನ ಎದುರಿನ ಫಲಕದಲ್ಲಿ ಎಂಜಿನಿನ ಆಕಾರದ ಒಂದು ಹಳದಿ ದೀಪವಿರುತ್ತದೆ. ಗಾಡಿ ಓಡುತ್ತಿರುವಾಗ ಈ ದೀಪ ಹೊತ್ತಿಕೊಂಡರೆ ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದು ನಡೆಯುತ್ತದೆ. ಕೆಲವರು ಗಾಬರಿಗೊಂಡು, ಗ್ಯಾರೇಜಿನಲ್ಲಿ ಹೇಳಿದ ಬಿಡಿಭಾಗಗಳನ್ನೆಲ್ಲ ಒಂದರ ಹಿಂದೊಂದು ಹಾಕಿಸುತ್ತಾರೆ. ಇನ್ನು ಕೆಲವರು "ಗಾಡಿ ಓಡ್ತಾ ಇದೆಯಲ್ಲ, ಬಿಡಿ" ಎಂದು ದೀಪದ ಮೇಲೆ ಕಪ್ಪು ಟೇಪು ಅಂಟಿಸಿ ಸುಮ್ಮನಾಗುತ್ತಾರೆ. ಮೊದಲನೆಯವರಿಗೆ ಹಣ ಹೋಗುತ್ತದೆ. ಎರಡನೆಯವರ ಕೊಯ್ಲಿನ ಮಾಲು ಒಂದು ದಿನ ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ.

ಬೇಸಾಯಶಾಸ್ತ್ರದವನು ಎಂಜಿನಿನ ವಿಷಯ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ಕ್ಷೇತ್ರೋತ್ಸವಗಳಲ್ಲಿ ಗೊಬ್ಬರ, ಕಳೆನಾಶಕಗಳ ಮಾತು ಮುಗಿದ ಮೇಲೆ ಈ ದೀಪದ ಬಗ್ಗೆ ವಿಚಾರಿಸುವವರು ಹೆಚ್ಚಾಗಿರುವುದು ಒಂದು ಕಾರಣ. ಇನ್ನೊಂದು, ಬೆಳೆಯ ಎಲೆ ಹಳದಿಯಾದಾಗ ನಾವು ಅನುಸರಿಸುವ ಕ್ರಮವೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಎಲೆ ಹಳದಿಯಾಗಲು ಸಾರಜನಕದ ಕೊರತೆ ಕಾರಣವಿರಬಹುದು, ಗಂಧಕ ಅಥವಾ ಕಬ್ಬಿಣದ ಕೊರತೆಯಿರಬಹುದು, ಬೇರಿನಲ್ಲಿ ನೀರು ನಿಂತಿರಬಹುದು, ನಂಜುರೋಗವೂ ಇರಬಹುದು. ಹಳದಿ ಬಣ್ಣ ಹಳೆಯ ಎಲೆಯಲ್ಲಿದೆಯೋ ಚಿಗುರಿನಲ್ಲಿದೆಯೋ ಎಂದು ಸಹ ನೋಡದೆ ಯೂರಿಯಾ ಎರಚಿದವನಿಗೆ ಗೊಬ್ಬರದ ಹಣವೂ ಹೋಗುತ್ತದೆ, ಬೆಳೆಯೂ ಸುಧಾರಿಸುವುದಿಲ್ಲ. ಎಂಜಿನ್ ದೀಪವೂ ಹೀಗೆಯೇ ಒಂದು ಲಕ್ಷಣ ಮಾತ್ರ. ಅದನ್ನು ಕಂಡು ಬಿಡಿಭಾಗ ಕೊಳ್ಳುವ ಮೊದಲು ಕಾರಣ ತಿಳಿಯಬೇಕು. ಕಾರಣದ ಸುಳಿವನ್ನು ಗಾಡಿಯೇ ಬರೆದಿಟ್ಟುಕೊಂಡಿರುತ್ತದೆ, ಮತ್ತು ಅದನ್ನು ಮನೆಯಲ್ಲಿಯೇ ಓದಿಕೊಳ್ಳಬಹುದು.

ದೀಪದ ಹುಟ್ಟು

ಈ ದೀಪದ ಚರಿತ್ರೆಯಲ್ಲಿ ಬೆಳೆಯ ಎಲೆಗೂ ಒಂದು ಪಾತ್ರವಿದೆಯೆಂಬುದು ಬಹಳ ಮಂದಿಗೆ ತಿಳಿಯದು. 1944ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸುತ್ತಮುತ್ತ ಸೊಪ್ಪು ತರಕಾರಿಗಳ ಎಲೆಗಳಿಗೆ ವಿಚಿತ್ರ ಹಾನಿಯೊಂದು ಕಾಣಿಸಿಕೊಂಡಿತು. ಎಲೆಯ ತಳಭಾಗ ಬೆಳ್ಳಿಯಂತೆ ಹೊಳೆದು, ಬರುಬರುತ್ತಾ ಕಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಕೀಟವೂ ಇಲ್ಲ, ಶಿಲೀಂಧ್ರವೂ ಇಲ್ಲ. ಅಲ್ಲಿನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಅನಾನಸು ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ನಡೆಸುತ್ತಿದ್ದ ಹಾಗೆನ್ ಸ್ಮಿಟ್ ಎಂಬ ಸಸ್ಯ ರಸಾಯನಶಾಸ್ತ್ರಜ್ಞರು ಮುಂದೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮೋಟಾರು ವಾಹನಗಳ ಹೊಗೆಯಲ್ಲಿರುವ ಉರಿಯದ ಪೆಟ್ರೋಲಿನ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನ್ ಮುಂತಾದ ಅನಿಲಗಳಾಗುತ್ತವೆ, ಎಲೆ ಸುಡುವುದು ಇವುಗಳಿಂದಲೇ ಎಂದು 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ತೋರಿಸಿದರು. ಅವರ ಪರೀಕ್ಷಾ ಗಿಡಗಳು ಪಾಲಕ್, ಸಕ್ಕರೆ ಬೀಟು, ಓಟ್ಸ್, ಕುದುರೆ ಮೆಂತೆ ಮೊದಲಾದುವು. ಮುಂದೆ ಕ್ಯಾಲಿಫೋರ್ನಿಯಾ ರಾಜ್ಯವು ಸ್ಥಾಪಿಸಿದ ವಾಯು ಸಂಪನ್ಮೂಲ ಮಂಡಲಿಯ ಮೊದಲ ಅಧ್ಯಕ್ಷರೂ ಅವರೇ ಆದರು.

ಆ ಮಂಡಲಿಯ ನಿಯಮದಂತೆ 1988ರ ಮಾದರಿಯ ಕಾರುಗಳಿಂದ ಆರಂಭಿಸಿ, ಹೊಗೆ ನಿಯಂತ್ರಣದ ಭಾಗಗಳು ಕೆಟ್ಟರೆ ಗಾಡಿಯೇ ಅದನ್ನು ಕಂಡುಹಿಡಿದು ದೀಪ ಹೊತ್ತಿಸಬೇಕೆಂದಾಯಿತು. 1996ರ ವೇಳೆಗೆ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಾಕೆಟ್, ಒಂದೇ ಬಗೆಯ ಸಂಕೇತಗಳು ಬಂದವು. ನಮ್ಮ ದೇಶದಲ್ಲಿ ಇದರ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯ ಹಂತ 2013ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 4ರ ವಾಹನಗಳೊಂದಿಗೆ ಜಾರಿಗೆ ಬಂದಿತು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6 ನಿಯಮಗಳು ಇದನ್ನು ಇನ್ನಷ್ಟು ಬಿಗಿಗೊಳಿಸಿವೆ.

ಇದರಿಂದ ರೈತರು ತಿಳಿಯಬೇಕಾದ ಅಂಶವಿಷ್ಟೆ: ಈ ದೀಪವು ಮುಖ್ಯವಾಗಿ ಹೊಗೆಯನ್ನು ಕಾಯುವ ದೀಪ. ಆದುದರಿಂದಲೇ ಅದು ಹೊತ್ತಿದ್ದರೂ ಗಾಡಿ ಎಷ್ಟೋ ಸಲ ಸರಿಯಾಗಿಯೇ ಓಡುತ್ತಿರುತ್ತದೆ. ಆದರೆ ಹೊಗೆ ಕೆಡಲು ಕಾರಣವಾದ ದೋಷವನ್ನು ಬಹುಕಾಲ ಹಾಗೆಯೇ ಬಿಟ್ಟರೆ ಬೆಲೆಬಾಳುವ ಭಾಗಗಳು ಹಾಳಾಗುತ್ತವೆ.

ಹೊತ್ತಿರುವುದು ಯಾವ ದೀಪ?

ಎಲ್ಲ ದೀಪಗಳೂ ಒಂದೇ ತೂಕದವಲ್ಲ. ಎಣ್ಣೆ ಡಬ್ಬಿಯ ಆಕಾರದ ಕೆಂಪು ದೀಪ ಹೊತ್ತಿದರೆ ಎಂಜಿನ್ ಆಯಿಲಿನ ಒತ್ತಡ ಬಿದ್ದುಹೋಗಿದೆಯೆಂದು ಅರ್ಥ. ಆಗ ಊರು ಇನ್ನೆರಡು ಕಿಲೋಮೀಟರ್ ಇದೆಯೆಂದು ಮುಂದೆ ಹೋಗಕೂಡದು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಕೆಲವೇ ನಿಮಿಷಗಳಲ್ಲಿ ಬೇರಿಂಗುಗಳು ಸುಟ್ಟು, ಇಡೀ ಎಂಜಿನ್ ಬಿಚ್ಚುವ ಖರ್ಚು ತಲೆಯ ಮೇಲೆ ಬರಬಹುದು. ನೀರಿನಲ್ಲಿ ಮುಳುಗಿಸಿದ ಶಾಖಮಾಪಕದ ಆಕಾರದ ಕೆಂಪು ದೀಪವೂ ಇಷ್ಟೇ ತುರ್ತಿನದು. ಎಂಜಿನ್ ಪೂರ್ತಿ ಆರುವವರೆಗೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗಿನ ಕುದಿನೀರು ಚಿಮ್ಮಿ ಮುಖ, ಕೈ ಸುಡುತ್ತದೆ.

ಎಂಜಿನ್ ಆಕಾರದ ಹಳದಿ ದೀಪ ಸ್ಥಿರವಾಗಿ ಹೊತ್ತಿದ್ದು, ಗಾಡಿಯ ಎಳೆತ, ಶಬ್ದ, ಶಾಖ ಎಲ್ಲವೂ ಎಂದಿನಂತಿದ್ದರೆ, ವೇಗ ತಗ್ಗಿಸಿ ಮಾಲು ಇಳಿಸಿ ಮನೆಗೆ ಬರಬಹುದು. ಎಳೆತ ಕಡಿಮೆಯಾಗಿ, ಎಷ್ಟು ಒತ್ತಿದರೂ ವೇಗ ಏರದಿದ್ದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಕಡಿಮೆ ಮಾಡಿಕೊಂಡಿದೆಯೆಂದು ತಿಳಿಯಬೇಕು. ಅಂತಹ ಸ್ಥಿತಿಯಲ್ಲಿ ತುಂಬಿದ ಗಾಡಿಯನ್ನು ಘಾಟಿ ಹತ್ತಿಸುವುದು ಸರಿಯಲ್ಲ. ಪೆಟ್ರೋಲ್ ಗಾಡಿಯಲ್ಲಿ ಈ ದೀಪ ಮಿನುಗುತ್ತಿದ್ದರಂತೂ ತಡಮಾಡದೆ ನಿಲ್ಲಿಸಿ. ಯಾವುದೋ ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹತ್ತದೆ ಹಸಿ ಪೆಟ್ರೋಲ್ ಹೊಗೆ ಕೊಳವೆಗೆ ಹೋಗುತ್ತಿದೆಯೆಂಬುದರ ಸೂಚನೆ ಅದು. ಆ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದರ ಜೇನುಗೂಡಿನಂತಹ ಪಿಂಗಾಣಿಯನ್ನೇ ಕರಗಿಸುತ್ತದೆ. ಒಂದು ಸ್ಪಾರ್ಕ್ ಪ್ಲಗ್ಗಿನ ದೋಷಕ್ಕೆ ಕನ್ವರ್ಟರಿನ ಬೆಲೆ ತೆರುವುದೆಂದರೆ ಇದೇ.

ಸಂಕೇತವನ್ನು ಓದುವ ಬಗೆ

ದೀಪ ಹೊತ್ತುವಾಗ ಗಾಡಿಯ ಕಂಪ್ಯೂಟರ್ ಒಂದು ಸಂಕೇತವನ್ನು ಬರೆದಿಡುತ್ತದೆ. ಅದರೊಡನೆ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಬಿಸಿಯಿತ್ತು, ಗಾಡಿಯ ವೇಗವೆಷ್ಟಿತ್ತು ಎಂಬುದನ್ನೂ ಸೇರಿಸಿಡುತ್ತದೆ. ಇದನ್ನು ಓದಲು ಸ್ಟೀರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಇದಕ್ಕೆ ಸಿಕ್ಕಿಸುವ ಚಿಕ್ಕ ಉಪಕರಣವನ್ನು ಅಂಗಡಿಗಳಲ್ಲಿ ಓ.ಬಿ.ಡಿ. ಸ್ಕ್ಯಾನರ್ ಎಂದು ಕೇಳಬೇಕು. ಮೊಬೈಲ್ ಫೋನಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸಾಧಾರಣ ಬಗೆಯದು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ, ಸ್ಪ್ರೇಯರನ್ನು ಹಂಚಿಕೊಳ್ಳುವಂತೆ ನಾಲ್ಕಾರು ಮನೆಯವರು ಸೇರಿ ಒಂದನ್ನು ಇಟ್ಟುಕೊಂಡರೆ ಸಾಕು.

ಎಂಜಿನ್ ಆರಿಸಿ, ಉಪಕರಣವನ್ನು ಸಿಕ್ಕಿಸಿ, ಕೀಯನ್ನು ದೀಪಗಳು ಹೊತ್ತುವ ಸ್ಥಾನಕ್ಕೆ ಮಾತ್ರ ತಿರುಗಿಸಿ ಓದಬೇಕು. ಪಿ ಅಕ್ಷರದಿಂದ ಆರಂಭವಾಗುವ ಐದು ಅಕ್ಷರಗಳ ಸಂಕೇತ ಕಾಣಿಸುತ್ತದೆ. ಅದನ್ನೂ ಅದರ ಜೊತೆಗಿರುವ ಅಂಕಿಗಳನ್ನೂ ಕಾಗದದ ಮೇಲೆ ಬರೆದುಕೊಳ್ಳಿ, ಇಲ್ಲವೇ ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ಉಪಕರಣದಲ್ಲಿ ಸಂಕೇತವನ್ನು ಅಳಿಸುವ ಗುಂಡಿಯೂ ಇರುತ್ತದೆ. ಅದನ್ನು ಒತ್ತುವ ಆಸೆ ಎಲ್ಲರಿಗೂ ಆಗುತ್ತದೆ; ಬರೆದುಕೊಳ್ಳುವ ಮುನ್ನ ಒತ್ತಬೇಡಿ. ದೀಪ ಆರುತ್ತದೆ ನಿಜ, ಆದರೆ ಅದರೊಡನೆ ಪುರಾವೆಯೂ ಅಳಿಸಿಹೋಗುತ್ತದೆ, ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ. ಬ್ಯಾಟರಿಯ ತಂತಿ ಬಿಚ್ಚಿ ದೀಪ ಆರಿಸುವುದೂ ಇದೇ ಜಾತಿಯ ಕೆಲಸ. ದೋಷ ನಿಜವಾಗಿ ಸರಿಹೋಗಿದ್ದರೆ, ಸಾಮಾನ್ಯವಾಗಿ ಮೂರು ಸಲದ ದೋಷರಹಿತ ಓಡಾಟದ ನಂತರ ದೀಪ ತಾನಾಗಿಯೇ ಆರುತ್ತದೆ.

ಸಂಕೇತವು ತೀರ್ಪಲ್ಲ

ಹೆಚ್ಚು ಹಣ ಪೋಲಾಗುವುದು ಈ ಹಂತದಲ್ಲಿ. ಸಂಕೇತದಲ್ಲಿ ಯಾವ ಭಾಗದ ಹೆಸರು ಬಂದಿದೆಯೋ ಆ ಭಾಗವೇ ಕೆಟ್ಟಿದೆಯೆಂದು ತಿಳಿದು ಅದನ್ನು ಬದಲಾಯಿಸುವ ಪದ್ಧತಿ ಬೆಳೆದುಬಿಟ್ಟಿದೆ. ಒಂದು ಉದಾಹರಣೆ ನೋಡೋಣ. ಪಿ 0118 ಎಂಬ ಸಂಕೇತವು ಎಂಜಿನ್ ನೀರಿನ ಶಾಖ ಅಳೆಯುವ ಸೆನ್ಸರಿನ ತಂತಿಯಲ್ಲಿ ವೋಲ್ಟೇಜು ಮಿತಿ ಮೀರಿದೆಯೆಂದು ಹೇಳುತ್ತದೆ. ತಂತಿ ಎಲ್ಲಿಯಾದರೂ ತುಂಡಾದರೆ ಹೀಗಾಗುತ್ತದೆ. ಆಗ ಫೋನಿನ ಪರದೆಯ ಮೇಲೆ ಎಂಜಿನ್ ನೀರಿನ ಶಾಖ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ಕಾಣಿಸುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ! ಇದನ್ನು ಕಂಡ ಯಾರಿಗಾದರೂ ಇದು ಶಾಖದ ವಿಷಯವಲ್ಲ, ತಂತಿಯ ವಿಷಯ ಎಂದು ಹೊಳೆಯಬೇಕು. ಸೆನ್ಸರ್ ಸರಿಯಾಗಿಯೇ ಇರಬಹುದು.

ಪಿ 0171 ಇನ್ನೊಂದು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆಯೆಂದು ಇದರ ಅರ್ಥ. ಇದನ್ನು ವರದಿ ಮಾಡುವುದು ಹೊಗೆ ಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್. ಆದುದರಿಂದ ಮೊದಲ ಪೆಟ್ಟು ಅದಕ್ಕೇ ಬೀಳುತ್ತದೆ. ಕೋಲಾರದ ಕಡೆಯ ಟೊಮೇಟೊ ಬೆಳೆಗಾರರೊಬ್ಬರು ಕಳೆದ ಬೇಸಿಗೆಯಲ್ಲಿ ತಮ್ಮ ಪೆಟ್ರೋಲ್ ಪಿಕಪ್ಪಿನ ವಿಷಯ ಹೇಳುತ್ತಾ, "ಸಾರ್, ಸೆನ್ಸರ್ ಎರಡು ಸಲ ಹಾಕ್ಸಿದ್ದಾಯ್ತು. ವಾರ ಆರಿರುತ್ತೆ, ಮತ್ತೆ ಹತ್ಕೊಳ್ಳುತ್ತೆ" ಎಂದರು.

"ಬೆಳಗ್ಗೆ ಗಾಡಿ ನಿಂತಲ್ಲೇ ಓಡುವಾಗ ನಡುಗುತ್ತದೆಯೇ?" ಎಂದು ಕೇಳಿದೆ.

"ನಡುಗುತ್ತೆ ಸಾರ್. ರೋಡಿಗೆ ಬಿದ್ಮೇಲೆ ಸರಿಹೋಗುತ್ತೆ."

ನಿಂತಲ್ಲಿ ನಡುಗಿ ಓಟದಲ್ಲಿ ಸರಿಹೋಗುವುದು ಗಾಳಿ ಸೋರಿಕೆಯ ಗುರುತು. ಗಾಳಿಯನ್ನು ಅಳೆಯುವ ಜಾಗ ದಾಟಿದ ಮೇಲೆ ಎಲ್ಲಿಯೋ ಕಳ್ಳಗಾಳಿ ಒಳಗೆ ನುಗ್ಗುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಬಾನೆಟ್ ಎತ್ತಿ ರಬ್ಬರು ಪೈಪುಗಳನ್ನು ಒಂದೊಂದಾಗಿ ಬಾಗಿಸಿ ನೋಡಲಾಗಿ, ಒಂದರ ಅಡಿಭಾಗದಲ್ಲಿ ಬೆರಳಿನಷ್ಟು ಉದ್ದದ ಬಿರುಕಿತ್ತು. ಸೆನ್ಸರ್ ಸುಳ್ಳು ಹೇಳಿರಲಿಲ್ಲ, ಇದ್ದುದನ್ನೇ ಹೇಳುತ್ತಿತ್ತು. ಎಲೆಬಣ್ಣದ ಪಟ್ಟಿ ಹಳದಿ ತೋರಿಸಿತೆಂದು ಯಾರೂ ಪಟ್ಟಿಯನ್ನು ಹರಿದುಹಾಕುವುದಿಲ್ಲವಷ್ಟೆ.

ಗ್ಯಾರೇಜಿಗೆ ಹೋಗಲೇಬೇಕಾದಾಗಲೂ ಸಂಕೇತ ಬರೆದ ಚೀಟಿ ಕೈಯಲ್ಲಿರಲಿ. "ಈ ಭಾಗ ಹಾಕಬೇಕು" ಎಂದರೆ, ಯಾವ ಪರೀಕ್ಷೆಯಿಂದ ಅದು ಕೆಟ್ಟಿದೆಯೆಂದು ಗೊತ್ತಾಯಿತು ಎಂದು ವಿನಯದಿಂದಲೇ ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಹೊಲದ ಗಾಡಿಗೆ ಬರುವ ತೊಂದರೆಗಳು

ಪೇಟೆಯ ಕಾರಿಗೆ ಬಾರದ ಕೆಲವು ತೊಂದರೆಗಳು ನಮ್ಮ ಗಾಡಿಗಳಿಗೆ ಬರುತ್ತವೆ. ಇವುಗಳಲ್ಲಿ ಇಲಿಯ ಕಾಟವನ್ನು ಮೊದಲು ಹೇಳಬೇಕು. ಕಾಳಿನ ಗೋದಾಮಿನ ಪಕ್ಕ, ಹುಲ್ಲಿನ ಬಣವೆಯ ಮಗ್ಗುಲಲ್ಲಿ ಗಾಡಿ ನಿಲ್ಲಿಸಿದರೆ ರಾತ್ರಿ ಎಂಜಿನಿನ ಬೆಚ್ಚಗಿನ ಜಾಗಕ್ಕೆ ಇಲಿಗಳು ಸೇರುತ್ತವೆ, ತಂತಿಯ ಹೊದಿಕೆಯನ್ನು ಕಡಿಯುತ್ತವೆ. ಮೇಲೆ ಹೇಳಿದ ಪಿ 0118ರಂತಹ ತಂತಿಯ ಸಂಕೇತಗಳು, ಅದರಲ್ಲಿಯೂ ಒಂದೇ ದಿನ ಎರಡು ಮೂರು ಬಂದರೆ, ಬಾನೆಟ್ ಎತ್ತಿ ಹಿಕ್ಕೆ, ಹುಲ್ಲು, ಕಡಿದ ತಂತಿ ಇವೆಯೇ ಎಂದು ಟಾರ್ಚ್ ಹಿಡಿದು ಹುಡುಕಬೇಕು. ಕಡಿದ ತಂತಿಯನ್ನು ಎಲೆಕ್ಟ್ರೀಷಿಯನ್ ಬೆಸುಗೆ ಹಾಕಿ ಮುಚ್ಚಿಕೊಟ್ಟರೆ ಕೆಲಸ ಮುಗಿಯಿತು. ಗಾಡಿಯನ್ನು ಬಣವೆಯಿಂದ ದೂರ ನಿಲ್ಲಿಸುವುದು, ಬಾನೆಟನ್ನು ಆಗಾಗ್ಗೆ ತೆರೆದು ಬೆಳಕು ಬೀಳಿಸುವುದು ಇವು ವಿಷದ ಬಿಲ್ಲೆಗಿಂತ ಮೇಲು. ವಿಷ ತಿಂದ ಇಲಿ ಎಂಜಿನಿನ ಸಂದಿಯಲ್ಲೇ ಸತ್ತರೆ ಆ ನಾತ ಹೋಗಲು ವಾರಗಳೇ ಬೇಕು.

ಎರಡನೆಯದು ಧೂಳು. ರಾಗಿ, ಜೋಳದ ಒಕ್ಕಣೆಯ ಕಾಲದಲ್ಲಿ ಗಾಳಿಯ ಶೋಧಕ ಬೇಗನೆ ಕಟ್ಟಿಕೊಳ್ಳುತ್ತದೆ. ಕೈಪಿಡಿಯಲ್ಲಿ ಬರೆದಿರುವ ಕಿಲೋಮೀಟರು ಲೆಕ್ಕ ಟಾರು ರಸ್ತೆಯ ಗಾಡಿಗಾಯಿತು, ನಮಗಲ್ಲ. ಕಾಗದದ ಶೋಧಕವನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಕೊಡವುವುದಾದರೆ ಒಳಗಿನಿಂದ ಹೊರಕ್ಕೆ ಮೆಲ್ಲನೆ ಗಾಳಿ ಬಿಡಬೇಕು. ಅದಕ್ಕೆ ಎಣ್ಣೆ ಸವರಕೂಡದು. ಹಳೆಯ ಟ್ರಾಕ್ಟರಿನ ಎಣ್ಣೆಸ್ನಾನದ ಶೋಧಕದ ರೂಢಿಯಿಂದ ಕೆಲವರು ಹೀಗೆ ಮಾಡುವುದುಂಟು. ಆ ಎಣ್ಣೆಯ ತುಂತುರು ಮುಂದೆ ಇರುವ ಗಾಳಿ ಅಳೆಯುವ ಸೆನ್ಸರಿನ ಮೇಲೆ ಕುಳಿತು ಹೊಸ ಸಂಕೇತವನ್ನು ಹುಟ್ಟಿಸುತ್ತದೆ.

ಗಾಡಿ ತೊಳೆಯುವಾಗ ಬಾನೆಟ್ ಎತ್ತಿ ಜೋರಾದ ನೀರು ಹೊಡೆಯುವುದು ಮತ್ತೊಂದು ಕಾರಣ. ತೊಳೆದ ಮರುದಿನ ದೀಪ ಹೊತ್ತಿದರೆ, ನೀರು ಯಾವುದೋ ತಂತಿಯ ಜೋಡಣೆಯೊಳಗೆ ಹೋಗಿದೆಯೆಂದು ಊಹಿಸಬಹುದು. ಬಿಸಿಲಿನಲ್ಲಿ ಒಣಗಲು ಬಿಟ್ಟು ನೋಡಿ, ಆಮೇಲೆ ಮುಂದಿನ ಯೋಚನೆ ಮಾಡಿ. ಬ್ಯಾಟರಿ ದುರ್ಬಲವಾದರೂ ಸಂಬಂಧವಿಲ್ಲದ ಹಲವು ಸಂಕೇತಗಳು ಒಟ್ಟಿಗೆ ಬರುತ್ತವೆ. ಪಂಪುಸೆಟ್ಟಿಗೆಂದು ಮನೆಯಲ್ಲಿರುವ ಮೀಟರಿನಿಂದಲೇ ಇದನ್ನು ಅಳೆಯಬಹುದು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಗಾಡಿಯ ಮೇಲೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ತಂತಿ ಬಿಚ್ಚಲು ಮರೆಯದಿರಿ.

ಬ್ಯಾರಲ್ಲಿನಲ್ಲಿ ಡೀಸೆಲ್ ಕೂಡಿಡುವವರಿಗೆ ನೀರಿನ ತೊಂದರೆ ತಪ್ಪದು. ಅರ್ಧ ತುಂಬಿದ ಬ್ಯಾರಲ್ಲಿನೊಳಗೆ ರಾತ್ರಿಯ ತಂಪಿಗೆ ತೇವ ಕೂಡಿ ತಳ ಸೇರುತ್ತದೆ. ತಳದ ನಾಲ್ಕು ಬೆರಳು ಡೀಸೆಲನ್ನು ಗಾಡಿಗೆ ಹಾಕಬಾರದು. ಹನಿಯ ಗುರುತಿನ ದೀಪ ಹೊತ್ತಿದರೆ ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸುವುದು ಮನೆಯಲ್ಲಿಯೇ ಆಗುವ ಕೆಲಸ. ಎಂಜಿನ್ ಆರಿಸಿಯೇ ಮಾಡಿ.

ಮಸಿ ಶೋಧಕ ಮತ್ತು ಬೆಂಕಿಯ ಭಯ

ಭಾರತ್ ಸ್ಟೇಜ್ 6ರ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕವಿದೆ. ಹಿಡಿದ ಮಸಿ ಹೆಚ್ಚಾದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಶೋಧಕವನ್ನು ಸುಮಾರು 550ರಿಂದ 600 ಡಿಗ್ರಿಯವರೆಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದು ಪೂರ್ತಿಯಾಗಲು ಗಾಡಿ ಸ್ವಲ್ಪ ಹೊತ್ತು ಒಂದೇ ಸಮನಾದ ವೇಗದಲ್ಲಿ ಓಡಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಡೈರಿಗೆ ಎಂದು ದಿನವೆಲ್ಲ ಎರಡೆರಡು ಕಿಲೋಮೀಟರು ಓಡಾಡುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಮಸಿ ತುಂಬುತ್ತದೆ, ಶೋಧಕದ ದೀಪ ಹೊತ್ತುತ್ತದೆ, ಅಲಕ್ಷಿಸಿದರೆ ಎಂಜಿನ್ ದೀಪವೂ ಸೇರಿಕೊಳ್ಳುತ್ತದೆ. ಪಿ 2463 ಎಂಬ ಸಂಕೇತವು ಮಸಿ ಮಿತಿ ಮೀರಿದೆಯೆಂದು ಹೇಳುತ್ತದೆ.

ಶೋಧಕದ ದೀಪ ಮಾತ್ರ ಹೊತ್ತಿರುವಾಗಲೇ ಎಚ್ಚೆತ್ತುಕೊಂಡರೆ ಖರ್ಚಿಲ್ಲ. ಗಾಡಿಯ ಕೈಪಿಡಿಯಲ್ಲಿ ಹೇಳಿರುವ ವೇಗದಲ್ಲಿ ಹೆದ್ದಾರಿಯ ಮೇಲೆ 15ರಿಂದ 20 ನಿಮಿಷ ನಿಲ್ಲಿಸದೆ ಓಡಿಸಿದರೆ ಬಹಳಷ್ಟು ಸಲ ದೀಪ ಆರುತ್ತದೆ. ವಾರಕ್ಕೊಮ್ಮೆ ಸಂತೆಗೋ ಪೇಟೆಗೋ ಹೋಗುವಾಗ ಈ ಗಾಡಿಯನ್ನೇ ಒಯ್ಯುವುದು ಒಳ್ಳೆಯ ರೂಢಿ. ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೇ ನಿಂತರೆ ಹೆಚ್ಚುವರಿ ಡೀಸೆಲ್ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲು ಏರುತ್ತಿರುವುದು ಕಂಡರೆ ಸಂತೋಷಪಡಬೇಡಿ, ಆಯಿಲ್ ಬದಲಾಯಿಸಿ. ಬದಲಾಯಿಸುವಾಗ ಕೈಪಿಡಿಯಲ್ಲಿ ಹೇಳಿರುವ, ಬೂದಿಯ ಅಂಶ ಕಡಿಮೆಯಿರುವ ಆಯಿಲನ್ನೇ ಹಾಕಬೇಕು. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ಬೂದಿ ಶೋಧಕದಲ್ಲಿಯೇ ಉಳಿಯುತ್ತದೆ. ಶೋಧಕವನ್ನೇ ಕೊರೆದು ತೆಗೆಸಿಬಿಡುವ ಸಲಹೆ ಕೊಡುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ.

ಮಸಿ ಸುಡುತ್ತಿರುವ ಗಾಡಿಯನ್ನು ಒಣಹುಲ್ಲಿನ ಮೇಲೆ, ಕಣದಲ್ಲಿ, ಬಣವೆಯ ಪಕ್ಕದಲ್ಲಿ ನಿಲ್ಲಿಸುವುದೆಂದರೆ ಕೆಂಡವನ್ನು ಅಲ್ಲಿಟ್ಟಂತೆಯೇ. ಪೆಟ್ರೋಲ್ ಗಾಡಿಯ ಕನ್ವರ್ಟರ್ ಸಹ ಓಟದಲ್ಲಿ ಬಹಳ ಕಾಯುತ್ತದೆ. ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ಇನ್ನೂ ಇದೆ. ಹುರುಳಿಯ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿ ಕಾರುಗಳು ಸುಟ್ಟ ಸುದ್ದಿಗಳನ್ನು ಓದಿದ್ದೇವೆ. ಎಂಜಿನ್ ದೀಪ ಮಿನುಗುತ್ತಿರುವ, ಅಂದರೆ ಕನ್ವರ್ಟರ್ ಮಾಮೂಲಿಗಿಂತ ಹೆಚ್ಚು ಕಾದಿರುವ ಗಾಡಿಗೆ ಈ ಅಪಾಯ ಇನ್ನೂ ಹೆಚ್ಚು. ಒಕ್ಕಣೆಯನ್ನು ಕಣದಲ್ಲಿಯೇ ಮಾಡಿ ಎಂದು ನಮ್ಮ ವಿಸ್ತರಣಾ ಕಾರ್ಯಕರ್ತರು ಹೇಳುವುದಕ್ಕೆ ಕಾಳಿನ ಶುದ್ಧತೆಯೊಂದೇ ಕಾರಣವಲ್ಲ.

ಗೊಬ್ಬರದ ಯೂರಿಯಾ ಗಾಡಿಗೆ ಸಲ್ಲದು

ಈಗಿನ ಲಾರಿಗಳಲ್ಲಿಯೂ ಕೆಲವು ಡೀಸೆಲ್ ಕಾರುಗಳಲ್ಲಿಯೂ ನೀಲಿ ಮುಚ್ಚಳದ ಒಂದು ಚಿಕ್ಕ ಟ್ಯಾಂಕು ಇರುತ್ತದೆ. ಅದಕ್ಕೆ ಡಿ.ಇ.ಎಫ್. ಅಥವಾ ಆಡ್‌ಬ್ಲೂ ಎಂದು ಕರೆಯುವ ದ್ರಾವಣ ಹಾಕಬೇಕು. ಅದು ಬೇರೇನಲ್ಲ, 100 ಕಿಲೋಗ್ರಾಮಿನಲ್ಲಿ 32.5 ಕಿಲೋಗ್ರಾಂ ಯೂರಿಯಾ ಇರುವ ನೀರು. ಹೊಲದಲ್ಲಿ ಯೂರಿಯಾವನ್ನು ಅಮೋನಿಯವನ್ನಾಗಿ ಒಡೆಯುವುದು ಮಣ್ಣಿನ ಕಿಣ್ವ. ಗಾಡಿಯಲ್ಲಿ ಆ ಕೆಲಸವನ್ನು ಹೊಗೆಯ ಶಾಖ ಮಾಡುತ್ತದೆ. ಆ ಅಮೋನಿಯವು ಸಾರಜನಕದ ಆಕ್ಸೈಡುಗಳನ್ನು ಬರಿಯ ಸಾರಜನಕವಾಗಿ, ನೀರಾಗಿ ಮಾರ್ಪಡಿಸುತ್ತದೆ. ದ್ರಾವಣ ಮುಗಿಯುತ್ತಾ ಬಂದರೆ ದೀಪ ಹೊತ್ತಿ, ಇನ್ನೆಷ್ಟು ದೂರ ಓಡಬಹುದೆಂದು ಫಲಕದಲ್ಲಿ ಬರುತ್ತದೆ. ಅಲಕ್ಷಿಸಿದರೆ ಎಂಜಿನಿನ ಶಕ್ತಿ ಕುಗ್ಗುತ್ತದೆ, ಇಲ್ಲವೇ ಆರಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗದೆ ಹೋಗಬಹುದು.

ಯೂರಿಯಾ ಎಂದ ಕೂಡಲೇ ರೈತರಿಗೆ ಮನೆಯ ಮೂಟೆ ನೆನಪಾಗುವುದು ಸಹಜ. "ನಲವತ್ತೈದು ಕಿಲೋ ಚೀಲ ಮನೆಯಲ್ಲೇ ಇದೆ, ಕರಗಿಸಿ ಹಾಕಿದರಾಗದೇ?" ಎಂದು ಒಂದಲ್ಲ, ಹಲವು ಕಡೆ ಕೇಳಿದ್ದಾರೆ. ಖಂಡಿತ ಆಗದು. ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಎಂಬ ಕಲ್ಮಷ ಶೇಕಡಾ 1.5ರವರೆಗೆ ಇರಲು ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಅನುಮತಿ ಇದೆ. ಡಿ.ಇ.ಎಫ್. ದ್ರಾವಣದಲ್ಲಿ ಅದು ಶೇಕಡಾ 0.3ನ್ನು ಮೀರುವಂತಿಲ್ಲ. ಅಲ್ಲದೆ 2015ರಿಂದ ನಮ್ಮ ದೇಶದಲ್ಲಿ ಬೇಸಾಯಕ್ಕೆ ಕೊಡುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವಿದೆ. ಮಣ್ಣಿನಲ್ಲಿ ಸಾರಜನಕವನ್ನು ಉಳಿಸುವ ಅದೇ ಲೇಪ ಗಾಡಿಯ ಸೂಜಿಮೊನೆಯಂತಹ ಸಿಂಪಡಿಕೆಯ ರಂಧ್ರಕ್ಕೆ ಶತ್ರು. ಇನ್ನು ನೀರು: ಡಿ.ಇ.ಎಫ್.ನ ಒಂದು ಕಿಲೋಗ್ರಾಮಿನಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ 0.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಇದರ ನೂರುಪಟ್ಟು ಇರುವುದು ಅಪರೂಪವಲ್ಲ. ದ್ರಾಕ್ಷಿ ಬೆಳೆಗಾರರ ಬ್ರಿಕ್ಸ್ ಮಾಪಕದಂತಹ ಉಪಕರಣದಿಂದ ದ್ರಾವಣದ ಸಾಂದ್ರತೆಯನ್ನು ಸರಿಹೊಂದಿಸಬಹುದು, ಆದರೆ ಅದು ಶುದ್ಧತೆಯನ್ನು ತೋರಿಸುವುದಿಲ್ಲ. ರಿಯಾಯಿತಿಯ ಯೂರಿಯಾವನ್ನು ಬೇಸಾಯವಲ್ಲದ ಕೆಲಸಕ್ಕೆ ತಿರುಗಿಸುವುದು ಅಪರಾಧವೆಂಬುದೂ ನೆನಪಿರಲಿ.

ಮೊಹರಾದ ಡಬ್ಬಿಯನ್ನೇ ಕೊಂಡು, ತಾರೀಖು ನೋಡಿ, ನೆರಳಿನಲ್ಲಿಡಿ. 30 ಡಿಗ್ರಿ ಶಾಖದಲ್ಲಿ ಸುಮಾರು ಒಂದು ವರ್ಷ ಬಾಳುವ ದ್ರಾವಣ 35 ಡಿಗ್ರಿಯಲ್ಲಿ ಆರು ತಿಂಗಳೇ ಬಾಳುತ್ತದೆ. ತಪ್ಪಿ ಬೇರೇನಾದರೂ ಆ ಟ್ಯಾಂಕಿಗೆ ಬಿದ್ದಿದ್ದರೆ ಕೀ ತಿರುಗಿಸಬೇಡಿ. ಗಾಡಿಯನ್ನು ಎಳೆಸಿಕೊಂಡು ಹೋಗುವ ಖರ್ಚೇ ಕಡಿಮೆ.

ಕೈ ಹಾಕಬಾರದ ಕಡೆ

ಹಳೆಯ ಟ್ರಾಕ್ಟರುಗಳಲ್ಲಿ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಇಂಜೆಕ್ಟರಿನ ನಟ್ಟು ಸಡಿಲಿಸಿ, ಎಂಜಿನ್ ತಿರುಗಿಸಿ ಗಾಳಿ ಬಿಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಕಾಮನ್ ರೈಲ್ ಎಂಜಿನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ಅಲ್ಲಿ ಡೀಸೆಲಿನ ಒತ್ತಡ 1,600 ಬಾರ್ ಹಾಗೂ ಅದಕ್ಕೂ ಮೇಲೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ಪಿ 0087 ಎಂಬ ಸಂಕೇತ, ಅಂದರೆ ರೈಲಿನಲ್ಲಿ ಒತ್ತಡ ಕಡಿಮೆ ಎಂದು ಬಂದಾಗ ಡೀಸೆಲ್ ಫಿಲ್ಟರ್ ಬದಲಾಯಿಸುವವರೆಗೆ ಮಾತ್ರ ಮನೆಯ ಕೆಲಸ, ಆಮೇಲಿನದು ತಿಳಿದವರಿಗೆ ಬಿಡಿ. 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಬಿಗಿಯಾದ ಹೊಗೆ ನಿಯಮ ಬಂದಿರುವುದರಿಂದ ಅಲ್ಲಿಯೂ ಕಾಮನ್ ರೈಲ್ ಎಂಜಿನುಗಳು ಬಂದಿವೆ. ಮನೆಯಲ್ಲಿ ಹಳೆಯದೊಂದು, ಹೊಸದೊಂದು ಟ್ರಾಕ್ಟರಿದ್ದರೆ ಈ ವ್ಯತ್ಯಾಸವನ್ನು ಮಕ್ಕಳಿಗೂ ಆಳುಗಳಿಗೂ ತಿಳಿಸಿಡಿ.

ಹಳೆಯ ಗಾಡಿ ಕೊಳ್ಳುವಾಗ

ಹಳೆಯ ಪಿಕಪ್ ಅಥವಾ ಕಾರು ಕೊಳ್ಳಲು ಹೋದಾಗ ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಫಲಕವನ್ನು ನೋಡಿ. ಎಂಜಿನ್ ದೀಪ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲೇ ಹೊತ್ತದಿದ್ದರೆ ದೀಪವನ್ನೇ ಕಿತ್ತಿರುವ ಸಾಧ್ಯತೆಯಿದೆ. ಹೊತ್ತಿ ಆರಿದರೂ ಸ್ಕ್ಯಾನರ್ ಸಿಕ್ಕಿಸಿ ನೋಡುವುದು ಒಳ್ಳೆಯದು. ಸಂಕೇತಗಳನ್ನು ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆಯೆಂಬ ಲೆಕ್ಕವನ್ನು ಬಹಳಷ್ಟು ಗಾಡಿಗಳು ತೋರಿಸುತ್ತವೆ. ಆ ಅಂಕಿ ಹತ್ತೋ ಇಪ್ಪತ್ತೋ ಇದ್ದರೆ, ಮಾರುವವರು ನಿಮ್ಮನ್ನು ಬರಹೇಳುವ ಮುಂಚೆ ಅಳಿಸಿದ್ದಾರೆ. ಮುಂಗಡ ಕೊಡದೆ, ಗಾಡಿಯನ್ನು ಎರಡು ದಿನ ಓಡಿಸಿ ನೋಡಲು ಕೇಳಿ, ಮತ್ತೊಮ್ಮೆ ಓದಿ.